ಕೊಡಲಿಗೆ ಮೊದಲು ಕಟ್ಟಳೆ: ಆಟದ ಲೋಕಕ್ಕೊಂದು ಬನದ ಧರ್ಮ

ಪುಣೆಯಲ್ಲಿ ಕನ್ನಡದಲ್ಲಿ ರೋಲ್‌ಪ್ಲೇಯಿಂಗ್ (ಮೇಜಿನ ಸುತ್ತ ಕೂತು, ಪಾತ್ರವಾಗಿ ಮಾತಾಡುತ್ತ ಕಥೆ ಕಟ್ಟುವ ಆಟ) ಆಡುವ ಟೇಬಲ್‌ಗಳಲ್ಲಿ ಡ್ರೂಯಿಡ್ ಪಾತ್ರಕ್ಕೆ, ಅಂದರೆ ಕಾಡು ಕಾಯುವ ಮಂತ್ರಗಾರನಿಗೆ, ಸಾಮಾನ್ಯವಾಗಿ ಒಂದೇ ಗತಿ. ಕರಡಿಯಾಗುತ್ತಾನೆ, ಬಳ್ಳಿಯಿಂದ ಶತ್ರುವಿನ ಕಾಲು ಕಟ್ಟುತ್ತಾನೆ, ಯಾರಾದರೂ ಕೊಡಲಿ ಎತ್ತಿದರೆ ಭಾಷಣ ಬಿಗಿಯುತ್ತಾನೆ. ನಿನ್ನ ಧರ್ಮ ಯಾವುದಪ್ಪಾ ಎಂದರೆ "ಪ್ರಕೃತಿ" ಅನ್ನುತ್ತಾನೆ. ಅಷ್ಟರಿಂದ ಆಟ ಹುಟ್ಟುವುದಿಲ್ಲ. ಯಾವ ಮರ ಮುಟ್ಟಬಾರದು, ಯಾವತ್ತು ಮುಟ್ಟಬಹುದು, ಮುಟ್ಟಿದವನಿಗೆ ದಂಡ ಎಷ್ಟು, ದಂಡದ ಕೋಳಿ ತಿನ್ನುವವರು ಯಾರು ಎಂಬುದು ಗೊತ್ತಿದ್ದರೆ ಹುಟ್ಟುತ್ತದೆ. ದೇವರ ಹೆಸರು ಕೊನೆಗೆ ಇಟ್ಟರಾಯಿತು. ಮೊದಲು ಕಟ್ಟಳೆ ಬರೆಯಿರಿ.

ಇತಿಹಾಸದ ಡ್ರೂಯಿಡರು ಗಾಲ್ (ಇಂದಿನ ಫ್ರಾನ್ಸಿನ ಸೀಮೆ), ಬ್ರಿಟನ್‌ಗಳ ಕೆಲ್ಟಿಕ್ ಪುರೋಹಿತರು. ಅವರ ಬಗ್ಗೆ ನಮಗೆ ಸಿಗುವುದು ಹೆಚ್ಚಾಗಿ ಗ್ರೀಕರು, ರೋಮನ್ನರು ಬರೆದಿಟ್ಟದ್ದು. ಡ್ರೂಯಿಡರು ತಮ್ಮ ವಿದ್ಯೆಯನ್ನು ಬರವಣಿಗೆಗೆ ಇಳಿಸುತ್ತಿರಲಿಲ್ಲ. ಬರೆದವರಲ್ಲಿ ಕೆಲವರು ಅವರ ಶತ್ರುಗಳೇ, ಹಾಗಾಗಿ ನರಬಲಿಯ ಮಾತನ್ನೆಲ್ಲ ಎಚ್ಚರದಿಂದ ಓದಬೇಕು. ಆದರೂ ಗಾಲ್ ಗೆದ್ದ ರೋಮನ್ ಸೇನಾಪತಿ ಸೀಸರ್ ಹೇಳುವ ಮೂರು ಸಂಗತಿ ಆಟಕ್ಕೆ ಬಂಗಾರ. ಕೆಲವು ಶಿಷ್ಯರ ಕಲಿಕೆ 20 ವರ್ಷ ಹಿಡಿಯುತ್ತಿತ್ತು. ವರ್ಷಕ್ಕೊಮ್ಮೆ ಎಲ್ಲರೂ ಕಾರ್ನ್ಯೂಟರೆಂಬ ಗಾಲ್ ಬುಡಕಟ್ಟಿನ ಸೀಮೆಯಲ್ಲಿ ಕೂಡಿ ವ್ಯಾಜ್ಯ ತೀರಿಸುತ್ತಿದ್ದರು. ತೀರ್ಪು ಮೀರಿದವನನ್ನು ಬಲಿಪೂಜೆಯಿಂದ ಹೊರಗಿಡುತ್ತಿದ್ದರು, ಅದಕ್ಕಿಂತ ದೊಡ್ಡ ಶಿಕ್ಷೆ ಅವರಲ್ಲಿರಲಿಲ್ಲ. ಜೈಲೂ ಇಲ್ಲ, ಮಂತ್ರದ ಮಿಂಚೂ ಇಲ್ಲ. ಊರಿನವರು ಅವನ ಜೊತೆ ಮಾತಾಡುವುದಿಲ್ಲ, ಅಷ್ಟೇ. ಆಟದಲ್ಲಿ ಒಬ್ಬ ಆಟಗಾರನ ಪಾತ್ರಕ್ಕೆ ಇದನ್ನು ಹಾಕಿ ನೋಡಿ: ಅಂಗಡಿಯವನು ಎಣ್ಣೆ ಕೊಡುವುದಿಲ್ಲ, ಅಂಬಿಗ ದೋಣಿ ಹತ್ತಿಸುವುದಿಲ್ಲ. ಎರಡೇ ಸೆಷನ್‌ನಲ್ಲಿ ಆತ ಕಟ್ಟಳೆಯನ್ನು ಕಂಠಪಾಠ ಮಾಡಿರುತ್ತಾನೆ.

ರೋಮನ್ ಲೇಖಕ ಪ್ಲಿನಿ ಕೊಟ್ಟ ಚಿತ್ರ ಹೆಚ್ಚು ಪ್ರಸಿದ್ಧ: ಚಂದ್ರನ ಆರನೆಯ ದಿನ, ಬಿಳಿ ಬಟ್ಟೆಯ ಪೂಜಾರಿ, ಓಕ್ ಮರದ ಮೇಲಿನ ಬದನಿಕೆಯನ್ನು ಚಿನ್ನದ ಕುಡುಗೋಲಿನಿಂದ ಕೊಯ್ಯುವುದು, ಕೆಳಗೆ ಬಿಳಿ ಬಟ್ಟೆಯಲ್ಲಿ ಹಿಡಿಯುವುದು, ಎರಡು ಬಿಳಿ ಹೋರಿಗಳ ಬಲಿ. ಚಿನ್ನ ಮೆತ್ತಗಿನ ಲೋಹ, ಗಟ್ಟಿ ಕಾಂಡಕ್ಕೆ ಬಾಗಿಬಿಡುತ್ತದೆ. ಕಂಚಿಗೆ ಚಿನ್ನದ ಲೇಪ ಕೊಟ್ಟಿದ್ದಿರಬೇಕು. ಈ ವಿಧಿಯನ್ನು ಹಾಗೇ ಎತ್ತಿ ಸಹ್ಯಾದ್ರಿಯಂಥ ಲೋಕಕ್ಕೆ ತಂದಿಟ್ಟರೆ ಕೆಡುತ್ತದೆ. ಯುರೋಪಿನ ಓಕ್ ಮೇಲೆ ಬದನಿಕೆ ಅಪರೂಪ, ಅದಕ್ಕೇ ಅದು ಪವಿತ್ರ. ನಮ್ಮ ಮಾವಿನ ಮರಗಳ ಮೇಲೆ ಇಲ್ಲಿನ ಬದನಿಕೆ ಬೇಡವೆಂದರೂ ಬೆಳೆಯುತ್ತದೆ, ಮರದ ರಸ ಹೀರುತ್ತದೆ. ಇಲ್ಲಿನ ಬನ ಕಾಯುವವಳ ವಿಧಿ ಬೇರೆಯಾಗಬೇಕು: ಹಣ್ಣಾಗುವ ಮೊದಲೇ ಮರ ಹತ್ತಿ ಕೊಯ್ಯುವುದು. ಎಲೆಗುಚ್ಛವನ್ನಷ್ಟೇ ಸವರಿದರೆ ಬೇರು ಕೊಂಬೆಯೊಳಗೇ ಉಳಿದು ಮತ್ತೆ ಚಿಗುರುತ್ತದೆ. ಅದು ಕೂತ ಜಾಗದಿಂದ ಬುಡದ ಕಡೆಗೆ ಒಂದಡಿ ಬಿಟ್ಟು ಕೊಂಬೆಯನ್ನೇ ತೆಗೆಯಬೇಕು. ಬಟ್ಟೆಯಲ್ಲಿ ಹಿಡಿಯುವ ಕ್ರಮವನ್ನು ಇಟ್ಟುಕೊಳ್ಳಿ, ನೋಡುವುದಕ್ಕೆ ಚೆನ್ನಾಗಿರುತ್ತದೆ. ಅಂಟುಬೀಜವನ್ನು ಹಕ್ಕಿಗಳು ಮುಂದಿನ ಮರಕ್ಕೆ ಒಯ್ಯುವುದರಿಂದ, ವಿಧಿ ಒಂದು ವರ್ಷ ತಪ್ಪಿದರೆ ಪಕ್ಕದ ಮರಗಳಿಗೂ ಹರಡುತ್ತದೆ. ಕಥೆಗೆ ಬೇರೆ ಶಾಪ ಬೇಕಿಲ್ಲ.

ಮಾದರಿಗೆ ದೂರ ಹೋಗಬೇಕಿಲ್ಲ. 1970ರ ದಶಕದಲ್ಲಿ ಮಾಧವ ಗಾಡ್ಗೀಳ್ ಮತ್ತು ವಿ.ಡಿ. ವರ್ತಕ್ ಮಹಾರಾಷ್ಟ್ರದ ದೇವರಾಯಿಗಳನ್ನು (ದೇವರ ಹೆಸರಿನಲ್ಲಿ ಕಡಿಯದೆ ಬಿಟ್ಟ ಬನಗಳನ್ನು) ದಾಖಲಿಸಿದರು. ಟೇಬಲ್‌ನಲ್ಲಿ ಕೊಡಗಿನವರೊಬ್ಬರಿದ್ದರೆ ದೇವರಕಾಡು, ಮಂಗಳೂರಿನವರಿದ್ದರೆ ನಾಗಬನ ತಾವೇ ತರುತ್ತಾರೆ. ಮಳೆಯ ಲೆಕ್ಕವನ್ನೂ ಇಲ್ಲಿಂದಲೇ ಕದಿಯಿರಿ. ಪುಣೆ ನಗರದಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಬಿದ್ದರೆ, ಪಶ್ಚಿಮಕ್ಕೆ ಬೈಕಿನಲ್ಲಿ ಒಂದೆರಡು ತಾಸು ಹೋದರೆ ಸಿಗುವ ತಾಮ್ಹಿಣಿ ಘಾಟಿನಲ್ಲಿ 5000 ದಾಟುತ್ತದೆ. ಒಂದೇ ಧರ್ಮ, ಎರಡು ಮಗ್ಗುಲು: ಘಾಟಿನ ಬನದವರು ಮಳೆ ಸಾಕೆಂದು ಬೇಡುತ್ತಾರೆ, ಬಯಲಿನವರು ಬಾ ಎಂದು. ಬನದ ದೇವರಾಗಿ ನಿಂತ ಒಂದೇ ಕಲ್ಲಿಗೆ ಎರಡೂ ಹರಕೆ ಬಂದರೆ ಕಲ್ಲು ಏನು ಮಾಡಬೇಕು?

ಈಗ ಕಟ್ಟಳೆ. ನಮ್ಮ ಮಾದರಿ ಧರ್ಮಕ್ಕೆ "ಹನ್ನೆರಡು ಬನ" ಎಂದು ಹೆಸರಿಡೋಣ, ಕಾಯುವವರಿಗೆ ಬನಗಾರ, ಬನಗಾರ್ತಿ. ಪ್ರತಿ ನಿಷೇಧಕ್ಕೂ ಒಂದು ಕಾರಣ, ಒಂದು ವಿನಾಯಿತಿ ಕಡ್ಡಾಯ. ಬನದೊಳಗೆ ಕಬ್ಬಿಣ ಒಯ್ಯುವಂತಿಲ್ಲ ಎಂದರೆ ಏಕೆ? ಕಬ್ಬಿಣ ಕರಗಿಸಲು ಇದ್ದಿಲು ಬೇಕು, ಒಂದು ಕಿಲೋ ಇದ್ದಿಲಿಗೆ ಐದಾರು ಕಿಲೋ ಮರ ಬೇಕು. ಹಾಗಾಗಿ ಕುಲುಮೆಯವರು ಬನದ ಹಳೆಯ ವೈರಿಗಳು. ವಿನಾಯಿತಿ: ಹೆರಿಗೆಯಲ್ಲಿ ಹೊಕ್ಕುಳ ಕೊಯ್ಯುವ ಚೂರಿ. ಬಿದ್ದ ಕಟ್ಟಿಗೆಯನ್ನೂ ಮುಟ್ಟುವಂತಿಲ್ಲ. ಆದರೆ ಅನಾಥ ಹೆಣದ ಚಿತೆಗೆ ಕೊಡಬೇಕು. ವಿನಾಯಿತಿ ಇದ್ದಲ್ಲಿ ವಾದ ಇರುತ್ತದೆ, ವಾದ ಇದ್ದಲ್ಲಿ ಆಟಗಾರರು ಬಾಯಿ ಬಿಡುತ್ತಾರೆ.

ಸಂದೇಹ ಬಂದಾಗ ಕಲ್ಲನ್ನು ಕೇಳಬೇಕು. ನಮ್ಮಲ್ಲಿ ಹೂಪ್ರಸಾದ ಕೇಳುವ ಕ್ರಮವಿದೆ, ಗೋವಾ–ಕೊಂಕಣದಲ್ಲಿ ಕೌಲ್ ಎನ್ನುತ್ತಾರೆ: ಮೂರ್ತಿಯ ಎಡಬಲಕ್ಕೆ ಒದ್ದೆ ಹೂ ಹಚ್ಚಿ ಯಾವುದು ಮೊದಲು ಬೀಳುತ್ತದೆ ನೋಡುವುದು. ಆಟದಲ್ಲಿ ಬೇರೆ ಬಣ್ಣದ ಎರಡು ಆರು ಮುಖದ ಡೈಸ್ ಸಾಕು. ಬಲದ್ದು ಹೆಚ್ಚಾದರೆ ಅಪ್ಪಣೆ, ಎಡದ್ದು ಹೆಚ್ಚಾದರೆ ಇಲ್ಲ, ಸಮವಾದರೆ ಹೂ ಬೀಳಲಿಲ್ಲ, ನಾಳೆ ಕೇಳಿ. 36ರಲ್ಲಿ 15 ಸಲ ಹೌದು, 15 ಸಲ ಇಲ್ಲ, 6 ಸಲ ಕಾಯುವಿಕೆ. ಹರಕೆ ತೀರಿಸಿದವರಿಗೆ ಬಲಕ್ಕೆ ಒಂದು ಅಂಕ ಕೂಡಿಸಿದರೆ ಹೌದು 21ಕ್ಕೆ ಏರುತ್ತದೆ, ಇಲ್ಲ 10ಕ್ಕೆ ಇಳಿಯುತ್ತದೆ, ಕಾಯುವಿಕೆ 5. ಎರಡು ಅಂಕ ಕೊಡಬೇಡಿ. ಕಲ್ಲು ಹೇಳುವುದು ಮೊದಲೇ ಗೊತ್ತಿದ್ದರೆ ಯಾರೂ ಕೇಳುವುದಿಲ್ಲ.

ಹೆಚ್ಚಿನವರು ಎಡವುವುದು ಪಂಚಾಂಗದಲ್ಲಿ. ಹನ್ನೆರಡು ಚಾಂದ್ರಮಾಸ ಬರೆದು ಬಿಟ್ಟರೆ 354 ದಿನ, ವರ್ಷಕ್ಕೆ 11 ದಿನ ಕಮ್ಮಿ. ಮೊದಲ ಮಳೆಗೆ ಬನದ ಬಾಗಿಲು ಮುಚ್ಚುವ ಹಬ್ಬ ಒಂಬತ್ತು ವರ್ಷದಲ್ಲಿ ಬೇಸಿಗೆಯ ಆರಂಭಕ್ಕೆ ಜಾರಿರುತ್ತದೆ. ಫ್ರಾನ್ಸಿನ ಕೊಲಿನಿಯಲ್ಲಿ 1897ರಲ್ಲಿ ಸಿಕ್ಕ ಕಂಚಿನ ಗಾಲಿಕ್ ಪಂಚಾಂಗ ಇದಕ್ಕೆ ದಾರಿ ತೋರಿಸುತ್ತದೆ. ಐದು ವರ್ಷಕ್ಕೆ 62 ತಿಂಗಳು, ಅದರಲ್ಲಿ ಎರಡು ಅಧಿಕ. ಒಂದು ಮೊದಲ ವರ್ಷದ ಆರಂಭಕ್ಕೆ, ಇನ್ನೊಂದು ಮೂರನೆಯ ವರ್ಷದ ನಡುವಿಗೆ. ನಮ್ಮ ಅಧಿಕ ಮಾಸ 32–33 ತಿಂಗಳಿಗೊಮ್ಮೆ ಬಂದರೆ ಅವರದು 30ಕ್ಕೆ. ಅದಕ್ಕೇ ಕೊಂಚ ಹೆಚ್ಚಾಗುತ್ತದೆ: 62 ಚಾಂದ್ರಮಾಸ ಎಂದರೆ ಸುಮಾರು 1831 ದಿನ, ಐದು ಸೌರವರ್ಷ 1826. ಆರು ಸುತ್ತಿಗೆ, ಅಂದರೆ 30 ವರ್ಷಕ್ಕೆ, ಹತ್ತಿರಹತ್ತಿರ 28 ದಿನ. ಒಂದು ಅಧಿಕ ಮಾಸ ಬಿಟ್ಟುಬಿಟ್ಟರೆ ಲೆಕ್ಕ ಸರಿಹೋಗುತ್ತದೆ. ಡ್ರೂಯಿಡರ ಯುಗ 30 ವರ್ಷದ್ದು ಎಂದು ಪ್ಲಿನಿಯೂ ಹೇಳುತ್ತಾನೆ. ಕ್ಯಾಂಪೇನನ್ನು, ಅಂದರೆ ಹಲವು ಸೆಷನ್‌ಗಳಲ್ಲಿ ಸಾಗುವ ಕಥೆಯನ್ನು, ಆ ಮೂವತ್ತನೆಯ ವರ್ಷದಲ್ಲಿಡಿ. ಬರಬೇಕಿದ್ದ ತಿಂಗಳು ಬರುವುದಿಲ್ಲ. ಆ ತಿಂಗಳಲ್ಲಿ ತೀರಿಸಬೇಕಿದ್ದ ಸಾಲ, ಮುಗಿಯಬೇಕಿದ್ದ ಬಹಿಷ್ಕಾರ ಏನಾಗಬೇಕು? ರೈತರಿಗೆ ಈ ಲೆಕ್ಕ ಬೇಡ. ಅವರು ಮೃಗಶಿರ, ಆರಿದ್ರ ಎಂದು ಹದಿಮೂರು–ಹದಿನಾಲ್ಕು ದಿನದ ಮಳೆನಕ್ಷತ್ರ ಎಣಿಸುತ್ತಾರೆ, ಅದು ಸೂರ್ಯನ ಲೆಕ್ಕ, ಜಾರುವುದಿಲ್ಲ. ಬನಗಾರರ ಚಂದ್ರನೂ ರೈತರ ಮಳೆಯೂ ಎರಡು ವಾರ ಬೇರೆಯಾದ ವರ್ಷ ಜಗಳ ಖಚಿತ.

ಎಷ್ಟು ಮಂದಿ ಬನಗಾರರಿರಬೇಕು ಎಂಬುದನ್ನು ಊಟ ನಿರ್ಧರಿಸುತ್ತದೆ. ದಿನಕ್ಕೆ ಅರ್ಧ ಕಿಲೋ ಧಾನ್ಯವೆಂದರೆ ತಲೆಗೆ ವರ್ಷಕ್ಕೆ 182 ಕಿಲೋ. 80 ಮನೆ ಸುಗ್ಗಿಯಲ್ಲಿ ಐದೈದು ಕಿಲೋ ಕೊಟ್ಟರೆ 400. ಒಬ್ಬ ಗುರು, ಒಬ್ಬ ಶಿಷ್ಯೆ, ಹಬ್ಬಕ್ಕೆ 36 ಕಿಲೋ. ಮೂರನೆಯವರಿಗೆ ಜಾಗವಿಲ್ಲ. ಹನ್ನೆರಡಕ್ಕೆ ಸೇರಿದ ಹುಡುಗಿ ಮೂವತ್ತೆರಡಕ್ಕೆ ಪೂರ್ತಿ ಕಲಿಯುತ್ತಾಳೆ. ಗುರು ಹತ್ತನೆಯ ವರ್ಷದಲ್ಲಿ ಜ್ವರಕ್ಕೆ ಸತ್ತರೆ ಬಾಯಿಪಾಠವಾಗಬೇಕಿದ್ದ ಅರ್ಧ ಪದಗಳು ಹೋದವು. ವಾರ್ಷಿಕ ಕೂಟ ಬೇಕಾಗುವುದು ಇದಕ್ಕೆ: ಅವಳು ಉಳಿದ ಹನ್ನೊಂದು ಬನದವರಿಂದ ತುಂಬಿಸಿಕೊಳ್ಳಬೇಕು, ಅವರ ಪಾಠಾಂತರ ಬೇರೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ (ಹೆಸರಾಂತ ರೋಲ್‌ಪ್ಲೇಯಿಂಗ್ ಆಟ) 1978ರ ನಿಯಮದಲ್ಲಿ ಡ್ರೂಯಿಡರ 12ನೇ ಲೆವೆಲ್‌ಗೆ ಒಂಬತ್ತೇ ಜನ, 13ಕ್ಕೆ ಮೂವರು, 14ಕ್ಕೆ ಒಬ್ಬನೇ, ಮೇಲೇರಲು ಮೇಲಿನವನನ್ನು ಹೊಡೆದಾಡಿ ಸೋಲಿಸಬೇಕು. ಮಿತಿ ಒಳ್ಳೆಯದು, ಹೊಡೆದಾಟ ಬೇಡ. ವಿದ್ಯೆ ತಲೆಯಲ್ಲಿರುವ ಧರ್ಮದಲ್ಲಿ ಹಿರಿಯರ ತಲೆಗೆ ಯಾರೂ ದೊಣ್ಣೆ ಬೀಸುವುದಿಲ್ಲ.

ಶಕ್ತಿಗೆ ಬನದ "ತೇವ" ಎಂದು ಹತ್ತು ಅಂಕವಿಡಿ. ದೊಡ್ಡ ಸ್ಪೆಲ್‌ಗೆ, ಅಂದರೆ ಮಂತ್ರಕ್ಕೆ, ಒಂದು ಅಂಕ ಖರ್ಚು, ಕಡಿದ ಹಳೆಮರಕ್ಕೆ ಒಂದು, ಪ್ರತಿ ಮಳೆಗಾಲಕ್ಕೆ ಒಂದೇ ವಾಪಸ್. ಆಟಗಾರರು ಇದನ್ನು ಪೆಟ್ರೋಲ್ ಟ್ಯಾಂಕಿನಂತೆ ಖಾಲಿ ಮಾಡುತ್ತಾರೆ, ಏಕೆಂದರೆ ಖರ್ಚು ಕಾಗದದ ಮೇಲಷ್ಟೇ ಕಾಣುತ್ತದೆ. ಅದನ್ನು ಊರಿನ ಹಳ್ಳಕ್ಕೆ ಕಟ್ಟಿ: ಎಂಟರ ಮೇಲಿದ್ದರೆ ವರ್ಷವಿಡೀ ಹರಿಯುತ್ತದೆ, ಐದಕ್ಕೆ ಇಳಿದರೆ ಚೈತ್ರಕ್ಕೆ ಬತ್ತುತ್ತದೆ, ಮೂರಕ್ಕೆ ಮಾಘಕ್ಕೇ. ಆಗ ಕೊಡ ಹಿಡಿದ ಹೆಂಗಸರು ಬನಗಾರ್ತಿಯ ಗುಡಿಸಲ ಮುಂದೆ ನಿಲ್ಲುತ್ತಾರೆ.

ಕೊನೆಗೆ ಖಳನಾಯಕ. ರೋಮನ್ನರು ಬ್ರಿಟನ್ನಿನ ಮೋನಾ ದ್ವೀಪದಲ್ಲಿ ಡ್ರೂಯಿಡರ ಬನ ಕಡಿದಂತೆ ಸೈನ್ಯ ನುಗ್ಗಿಸುವುದು ಸುಲಭ, ಆದರೆ ಯಾರ ಪಕ್ಷ ಎಂಬ ಗೊಂದಲವೇ ಅಲ್ಲಿಲ್ಲ. ಸಹ್ಯಾದ್ರಿಯ ಎಷ್ಟೋ ದೇವರಾಯಿಗಳಲ್ಲಿ ಮರ ಬಿದ್ದದ್ದು ಜೀರ್ಣೋದ್ಧಾರಕ್ಕೆ: ಬಯಲಲ್ಲಿ ನಿಂತ ಕಲ್ಲಿಗೆ ಒಂದು ಸೂರು, ಸೂರಿಗೆ ಮಂಟಪ, ಮಂಟಪಕ್ಕೆ ದಾರಿ. ಕೇಳುವವನು ಭಕ್ತ, ಕೈಯಲ್ಲಿ ಹಣವಿದೆ, ಮಗನ ಕಾಯಿಲೆ ವಾಸಿಯಾದ ಹರಕೆ. ಮಂಟಪಕ್ಕೆ ನಾಲ್ಕು ಮರ, ದಾರಿಗೆ ಎರಡು, ತೇವ ಎಂಟರಿಂದ ಎರಡಕ್ಕೆ. ಹರಕೆ ತೀರಿಸುತ್ತಿರುವುದರಿಂದ ಬಲದ ಡೈಸ್‌ಗೆ ಅವನ ಒಂದು ಅಂಕವೂ ಇದೆ. ಡೈಸ್ ಬನಗಾರ್ತಿ ಆಡುವವರ ಕೈಗೇ ಕೊಡಿ.