ಅನುಕೂಲವಾದರೆ ಬಾ

"ಅಮ್ಮಾ, ಪಕ್ಕದ ಮನೆ ಅಜ್ಜಿಯ ಊರಿನವರು ಅಮೆರಿಕಕ್ಕೆ ಹೋದವರನ್ನೆಲ್ಲ ಪತ್ರ ಬರೆದು ಕರೆದರಂತೆ. ನಿನ್ನ ಊರಿನವರು ನಿನ್ನನ್ನು ಕರೆಯಲಿಲ್ಲವಾ?"

2013ರ ಗೌರಿ ಹಬ್ಬದ ಬೆಳಗ್ಗೆ, ಐರ್ಲೆಂಡಿನ ಗಾಲ್ವೇಯ ನಮ್ಮ ಅಡುಗೆಮನೆಯಲ್ಲಿ ಏಳು ವರ್ಷದ ಮಗಳು ಹೀಗೆ ಕೇಳಿದಾಗ ನಾನು ಹೂರಣ ರುಬ್ಬುತ್ತಿದ್ದೆ. ಮಿಕ್ಸಿಯ ಸದ್ದಿನಲ್ಲಿ ಕೇಳಿಸಲೇ ಇಲ್ಲವೆಂಬಂತೆ ಇದ್ದುಬಿಟ್ಟೆ.

ಆ ವರ್ಷ ಇಲ್ಲಿ ಎಲ್ಲರ ಬಾಯಲ್ಲೂ 'ದಿ ಗ್ಯಾದರಿಂಗ್'. 2010ರಲ್ಲಿ ದೇಶ ಸಾಲದಲ್ಲಿ ಮುಳುಗಿ ಐರೋಪ್ಯ ಒಕ್ಕೂಟ ಮತ್ತು ಐಎಂಎಫ್ ಮುಂದೆ ಕೈಚಾಚಿತ್ತು. ವಲಸೆ ಹೋದವರ ಮಕ್ಕಳು ಮೊಮ್ಮಕ್ಕಳು ನೋಡಲು ಬಂದರೆ ಊರುಗಳಲ್ಲಿ ನಾಲ್ಕು ಕಾಸು ಓಡಾಡೀತೆಂದು ಸರ್ಕಾರ ಆ ಹೆಸರಿನಲ್ಲಿ ವರ್ಷವಿಡೀ ಕರೆ ಕೊಟ್ಟಿತು. ಆಗ ದೇಶದೊಳಗೆ ಇದ್ದವರು 46 ಲಕ್ಷದಷ್ಟು; ಐರಿಷ್ ಮೂಲ ಹೇಳಿಕೊಳ್ಳುವವರು ಜಗತ್ತಿನಲ್ಲಿ ಏಳು ಕೋಟಿ ಎಂಬ ಲೆಕ್ಕ. ದುಡ್ಡು ಕೀಳಲು ಕರೆಯುತ್ತಿದ್ದಾರೆ ಎಂದು ನಟ ಗೇಬ್ರಿಯಲ್ ಬರ್ನ್ ಬಹಿರಂಗವಾಗಿಯೇ ಸಿಟ್ಟಾಗಿದ್ದರು. ಆ ಸಿಟ್ಟು ನನಗೂ ಅರ್ಥವಾಗಿತ್ತು. ಆದರೆ ಸುಮಾರು ಐದು ಸಾವಿರ ಕೂಟಗಳನ್ನು ನಡೆಸಿದವರು ಊರಿನ ಜನ. ಗಾಲ್ವೇ ಜಿಲ್ಲೆಯ ಲಾಕ್ರೇ ಕಡೆಯಲ್ಲಂತೂ ಇದಕ್ಕೂ ಮೊದಲೇ ಸ್ವಯಂಸೇವಕರು ಚರ್ಚಿನ ಹಳೆಯ ದಾಖಲೆ ತಿರುವಿ, ಯಾವ ಮನೆಯವರು ಯಾವಾಗ ಹಡಗು ಹತ್ತಿದರೆಂದು ಹುಡುಕಿ, ಅವರ ಮರಿಮಕ್ಕಳನ್ನು ಪತ್ತೆಹಚ್ಚಿ ಕರೆಯುತ್ತಿದ್ದರು.

ಅಜ್ಜಿಯ ತವರು ಅದೇ ಕಡೆ. ಜುಲೈನಲ್ಲಿ ಬಾಸ್ಟನ್ನಿನಿಂದ ಇಪ್ಪತ್ತೆರಡು ಮಂದಿ ಬಂದಾಗ ನಮ್ಮನ್ನೂ ಕರೆದೊಯ್ದಿದ್ದರು. ಸಭಾಂಗಣದಲ್ಲಿ ಚಹಾ, ಪಿಟೀಲು, ನಗು. ಹೊರಗೆ, ಮಾಡು ಬಿದ್ದುಹೋದ ಮನೆಯೊಂದರ ಕಲ್ಲುಗೋಡೆಗೆ ಎರಡೂ ಅಂಗೈ ಒತ್ತಿ ಒಬ್ಬ ಮುದುಕರು ಬಹಳ ಹೊತ್ತು ನಿಂತಿದ್ದರು. ಹಿಂದೆ ಅಮೆರಿಕಕ್ಕೆ ಹೊರಟವರ ಮನೆಯಲ್ಲಿ ಮುನ್ನಾದಿನ ರಾತ್ರಿಯಿಡೀ ಹೆಣ ಕಾಯುವಂತೆ ಕೂರುತ್ತಿದ್ದರಂತೆ. ಅದಕ್ಕೆ 'ಅಮೆರಿಕನ್ ವೇಕ್' ಎಂದೇ ಹೆಸರು. ನಾನು ಹೊರಟಾಗ ಅಪ್ಪ ಕೇಳಿದ್ದು, "ಎರಡು ವರ್ಷ ತಾನೇ?"

ಹಬ್ಬಕ್ಕೆ ಎಲ್ಲವೂ ಹೇಗೋ ಒದಗಿತ್ತು. ಬೇಳೆ, ಬೆಲ್ಲ ಇಲ್ಲಿಯೇ ಸಿಕ್ಕವು. ಬಿಚ್ಚೋಲೆ, ಕರಿಮಣಿ ಅತ್ತೆಯವರು ಕಳುಹಿಸಿದ್ದರು. ಮೊರ ಮಾತ್ರ ಇರಲಿಲ್ಲ. ಹಿಂದಿನ ವರ್ಷಗಳಲ್ಲಿ ಸ್ಟೀಲ್ ತಟ್ಟೆಯಲ್ಲಿ ಕೊಟ್ಟಿದ್ದೆ. ಎಷ್ಟು ಶ್ರದ್ಧೆಯಿಂದ ಜೋಡಿಸಿದರೂ ಅದು ಬಾಗಿನ ಅನ್ನಿಸುತ್ತಿರಲಿಲ್ಲ.

ಹತ್ತು ಗಂಟೆಗೆ ಬಾಗಿಲು ತಟ್ಟಿದ ಸದ್ದು. ಅಜ್ಜಿಯ ಕೈಯಲ್ಲಿ ವಿಲೋ ಕಡ್ಡಿಯಿಂದ ಹೆಣೆದ, ಆಳವಿಲ್ಲದ ಎರಡು ದುಂಡು ಬುಟ್ಟಿ. ಇಲ್ಲಿನವರು 'ಸ್ಕಿಬ್' ಎನ್ನುತ್ತಾರೆ. ಬೆಂದ ಆಲೂಗಡ್ಡೆಯನ್ನು ಅದರಲ್ಲಿ ಬಸಿದು, ಸುತ್ತ ಕುಳಿತು ತಿನ್ನುತ್ತಿದ್ದರಂತೆ. ಒಂದು ಅವರ ತಾಯಿಯದು. ಹಬೆ ತಾಗಿ ತಾಗಿ ನಡುಭಾಗ ಕಪ್ಪಾಗಿತ್ತು, ಅಂಚಿನಲ್ಲಿ ಒಂದು ಕಡ್ಡಿ ಮುರಿದ ಕಡೆ ದಾರ ಸುತ್ತಿತ್ತು. ಜೋಡಿ ಬೇಕೆಂದು ನನ್ನ ಮಗಳು ಹೇಳಿದ್ದಳಂತೆ. ಇನ್ನೊಂದನ್ನು ತಂಗಿಯ ಮನೆಯಿಂದ ತರಿಸಿದ್ದರು.

ಅರಿಶಿನ ಹಚ್ಚಲು ಕೈ ಹಿಂಜರಿಯಿತು. ಅಜ್ಜಿಯೇ ನನ್ನ ಬಟ್ಟಲಿನಲ್ಲಿ ಬೆರಳದ್ದಿ ಹಚ್ಚತೊಡಗಿದರು.

ಪೂಜೆ ಮುಗಿಸಿ, ಅಮ್ಮನ ಪಾಲಿನ ಬಾಗಿನವನ್ನು ಸೆರಗು ಮುಚ್ಚಿ ಅಜ್ಜಿಗೇ ಕೊಟ್ಟೆ. ಅವರು ಉಣ್ಣೆಯ ಮೇಲಂಗಿಯ ತುದಿಯನ್ನು ಸೆರಗಿನಂತೆಯೇ ಮುಂದೆ ಚಾಚಿ ತೆಗೆದುಕೊಂಡರು. ಬೇಲಿಯಾಚೆಯಿಂದ ಅವರ ಯಜಮಾನರು ಚಪ್ಪಾಳೆ ತಟ್ಟಿದರು. ಮಧ್ಯಾಹ್ನ ಮೂರು ಕನ್ನಡದ ಮನೆಯವರು ಊಟಕ್ಕೆ ಬಂದರು. ಬಡಿಸುವುದರಲ್ಲಿ, ಮಕ್ಕಳ ಗಲಾಟೆಯಲ್ಲಿ ಹೊತ್ತು ಹೋಗಿದ್ದೇ ತಿಳಿಯಲಿಲ್ಲ. ಆದರೂ ಒಬ್ಬಟ್ಟು ಮಗುಚುವಾಗ, ತುಪ್ಪ ಬಡಿಸುವಾಗ ಬೆಳಗಿನ ಪ್ರಶ್ನೆ ಮತ್ತೆ ಮತ್ತೆ ಎದುರು ನಿಲ್ಲುತ್ತಿತ್ತು.

ಕರೆದಿದ್ದರು. ಮದುವೆಯಾಗಿ ಬೆಂಗಳೂರಿನಲ್ಲಿದ್ದಷ್ಟು ವರ್ಷವೂ ಹಬ್ಬಕ್ಕೆ ನಾಲ್ಕು ದಿನ ಮುಂಚೆ ಅರಕಲಗೂಡಿನಿಂದ ಅಪ್ಪನ ಮನಿಯಾರ್ಡರ್ ಬರುತ್ತಿತ್ತು, ನೂರಾ ಒಂದು ರೂಪಾಯಿ. ಚೀಟಿಯ ಕೆಳಗಿನ ಸಣ್ಣ ಜಾಗದಲ್ಲಿ ನೀಲಿ ಶಾಯಿಯ ದುಂಡು ಅಕ್ಷರ: "ಬಾಗಿನಕ್ಕೆ. ಅನುಕೂಲವಾದರೆ ಬಾ." ನನಗೆ ಎಂದೂ ಅನುಕೂಲವಾಗಲಿಲ್ಲ. ಇಲ್ಲಿಗೆ ಬಂದ ಮೊದಲ ವರ್ಷ ಅಪ್ಪ ಫೋನ್ ಮಾಡಿ, ಅಲ್ಲಿಗೆ ಹಣ ಹೇಗೆ ಕಳುಹಿಸುವುದು, ಅಂಚೆ ಕಚೇರಿಯವರಿಗೆ ಗೊತ್ತಿಲ್ಲವಂತೆ ಎಂದರು. "ಬಿಡಿ ಅಪ್ಪಾ, ಇಲ್ಲಿ ಅದು ಎರಡು ಯೂರೊ ಸಹ ಆಗುವುದಿಲ್ಲ" ಎಂದೆ. ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಾಗಾದರೆ ಸರಿ ಕಣಮ್ಮಾ" ಎಂದರು. ಮತ್ತೆ ಕೇಳಲಿಲ್ಲ. 2011ರಲ್ಲಿ ಹೋಗಿಬಿಟ್ಟರು.

ರಾತ್ರಿ ಮಲಗಿಸುವಾಗ ಮಗಳಿಗೆ ಹೇಳಿದೆ, "ಕರೆದಿದ್ದರು, ಪುಟ್ಟಿ. ತಾತ ಪ್ರತಿ ವರ್ಷ ಕರೆಯುತ್ತಿದ್ದರು."

ಅವಳು ಹೊದಿಕೆಯಿಂದ ಮುಖ ಹೊರಗೆ ಹಾಕಿದಳು. "ನೀನು ಹೋದೆಯಾ?"