ಹ್ಯೂಗೋ 2024ರ ಆರು ಕಾದಂಬರಿ, ನನ್ನ ಲಿಸ್ಟಲ್ಲಿ ಯಾವ್ದು ಎಲ್ಲಿ

ಹ್ಯೂಗೋ ಅಂದ್ರೆ ಸೈನ್ಸ್ ಫಿಕ್ಷನ್, ಫ್ಯಾಂಟಸಿಗೆ ಕೊಡೋ ಪ್ರಶಸ್ತಿ. 2024ರ ಅದರ ಬೆಸ್ಟ್ ನಾವೆಲ್ ಲಿಸ್ಟಲ್ಲಿದ್ದ ಆರೂ ಪುಸ್ತಕ ಓದಿ ಮುಗೀತು, ಹಾಗಾಗಿ ನನ್ನ ರ‍್ಯಾಂಕಿಂಗ್ ಹಾಕ್ತಿದೀನಿ. ಪ್ರೈಜ್ ಯಾರಿಗೆ ಬಂತು ಅನ್ನೋದು ಹಳೇ ಸುದ್ದಿ, 2024ರ ಆಗಸ್ಟಲ್ಲಿ ಗ್ಲಾಸ್ಗೋದ, ಸೈನ್ಸ್ ಫಿಕ್ಷನ್ ಅಭಿಮಾನಿಗಳ ವಾರ್ಷಿಕ ಸಮ್ಮೇಳನ ಆದ ವರ್ಲ್ಡ್‌ಕಾನಲ್ಲಿ ಎಮಿಲಿ ಟೆಶ್ ಅವರ ‘ಸಮ್ ಡೆಸ್ಪರೇಟ್ ಗ್ಲೋರಿ’ ಗೆದ್ದಿದೆ. ನಂದೇನೂ ತಕರಾರಿಲ್ಲ, ಆದ್ರೆ ನನ್ನ ಲಿಸ್ಟಲ್ಲಿ ಅದು ಎರಡನೇದು. ಕೂದಲೆಳೆಯಷ್ಟು ಅಂತರದಲ್ಲಿ ಎರಡನೇದು, ಯಾಕೆ ಅಂತ ಕೊನೇಲಿ ಹೇಳ್ತೀನಿ. ಸ್ಪಾಯ್ಲರ್ ಆದಷ್ಟೂ ಕಮ್ಮಿ ಮಾಡಿದೀನಿ, ಪೂರ್ತಿ ಇಲ್ಲ ಅಂತ ಮಾತ್ರ ಹೇಳಲ್ಲ.

ಹ್ಯೂಗೋ ವೋಟಿಂಗ್ ಗೊತ್ತಿಲ್ದೇ ಇರೋರಿಗೆ ಒಂದ್ ಮಾತು. ಇಲ್ಲಿ ತೀರ್ಪುಗಾರರು ಅಂತ ಯಾರೂ ಕೂತಿರಲ್ಲ, ಆ ವರ್ಷದ ವರ್ಲ್ಡ್‌ಕಾನ್‌ಗೆ ದುಡ್ಡು ಕಟ್ಟಿ ಮೆಂಬರ್ ಆದ ಓದುಗರೇ ವೋಟ್ ಹಾಕೋದು, ಅದೂ ಒಂದೇ ಪುಸ್ತಕಕ್ಕಲ್ಲ, 1, 2, 3 ಅಂತ ಸಾಲಾಗಿ ನಂಬರ್ ಕೊಡ್ತಾ ಹೋಗೋದು, ಮೊದಲನೇ ಸುತ್ತಲ್ಲಿ ಯಾವ್ದಕ್ಕೂ ಅರ್ಧಕ್ಕಿಂತ ಜಾಸ್ತಿ ಬರ್ಲಿಲ್ಲ ಅಂದ್ರೆ ಎಲ್ಲಕ್ಕಿಂತ ಕೆಳಗಿರೋದನ್ನ ತೆಗೆದುಹಾಕಿ ಅದಕ್ಕೆ ವೋಟ್ ಹಾಕಿದೋರ ಮುಂದಿನ ಆಯ್ಕೆಗೆ ದಾಟಿಸ್ತಾರೆ, ಹೀಗೇ ಒಂದು ಗೆಲ್ಲೋ ತನಕ. ಯಾವ್ದೂ ಲಾಯಕ್ಕಿಲ್ಲ ಅನ್ಸಿದ್ರೆ ‘ನೋ ಅವಾರ್ಡ್’ ಅನ್ನೋದಕ್ಕೂ ನಂಬರ್ ಕೊಡ್ಬಹುದು. ಅರ್ಧ ಜನಕ್ಕೆ ಹುಚ್ಚು ಹಿಡಿಸಿ ಇನ್ನರ್ಧ ಜನ ಐವತ್ತನೇ ಪುಟಕ್ಕೇ ಕೆಳಗಿಡೋ ಪುಸ್ತಕಕ್ಕೆ ಈ ಪದ್ಧತಿ ಸ್ವಲ್ಪ ಕಷ್ಟ. ನನ್ನ ಮೊದಲನೇ ಆಯ್ಕೆ ಅಂಥ ಜಾತಿಯದ್ದು.

ಆ ವರ್ಷ ಎಲ್ಲರ ಕಣ್ಣು ವೋಟಿನ ಲೆಕ್ಕದ ಮೇಲೇ ಇತ್ತು ಅನ್ನೋದೂ ನೆನಪಿರ್ಲಿ. ಹಿಂದಿನ ವರ್ಷ ಚೀನಾದ ಚೆಂಗ್ಡುನಲ್ಲಿ ನಡೆದ ಹ್ಯೂಗೋದಲ್ಲಿ ಆರ್. ಎಫ್. ಕ್ವಾಂಗ್ ಅವರ ‘ಬೇಬಲ್’ಗೆ ಬೇಕಾದಷ್ಟು ನಾಮಿನೇಷನ್ ಬಂದಿದ್ರೂ ‘ಅರ್ಹವಲ್ಲ’ ಅಂತ ಹೊರಗಿಟ್ಟಿದ್ರು, ಕಾರಣಾನೂ ಕೊಡ್ಲಿಲ್ಲ, 2024ರ ಜನವರಿಲಿ ಅಂಕಿಅಂಶ ಹೊರಗೆ ಬಂದಾಗ ದೊಡ್ಡ ರಂಪ ಆಯ್ತು. ಗ್ಲಾಸ್ಗೋದವರು ಅದಕ್ಕೇ ಇರ್ಬೇಕು, 377 ಕಳ್ಳವೋಟು ಸಿಕ್ಕಿದಾಗ ಮುಚ್ಚಿಡ್ದೇ ತಾವೇ ಮುಂಚಿತವಾಗಿ ಹೇಳಿ ತೆಗೆದುಹಾಕಿದ್ರು. ಸರಿ, ಪುಸ್ತಕಕ್ಕೆ ಬರೋಣ.

ಆರನ್ನೂ ಒಟ್ಟೊಟ್ಟಿಗೆ ಓದಿದ್ರಿಂದ ಒಂದು ಕಣ್ಣಿಗೆ ಬಿತ್ತು. ಇವುಗಳಲ್ಲಿ ಮೂರು ಪುಸ್ತಕ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಹಿಡ್ಕೊಂಡು ಕೂತಿವೆ: ಒಂದು ಮಗೂನ ಹುಟ್ಟಿದಾಗಿಂದ ಯಾವ್ದೋ ಒಂದು ಕೆಲಸಕ್ಕೆ ಅಂತಾನೇ ತಯಾರು ಮಾಡಿದ್ರೆ, ಆ ಮಗು ಆಮೇಲೆ ಏನಾಗುತ್ತೆ? ಒಂದರಲ್ಲಿ ಸೈನಿಕಳಾಗೋಕೆ, ಒಂದರಲ್ಲಿ ಅಪ್ಪನನ್ನೇ ಕೊಲ್ಲೋಕೆ, ಇನ್ನೊಂದರಲ್ಲಿ ಮನುಷ್ಯರಿಗೂ ಬೇರೆ ಜೀವಿಗಳಿಗೂ ಮಧ್ಯೆ ದುಭಾಷಿ ಆಗೋಕೆ. ನನ್ನ ರ‍್ಯಾಂಕಿಂಗ್ ಬಹುಪಾಲು ನಿಂತಿರೋದು ಈ ಪ್ರಶ್ನೆಗೆ ಯಾರು ಎಷ್ಟು ಪ್ರಾಮಾಣಿಕವಾಗಿ ಉತ್ತರ ಹುಡುಕಿದ್ರು ಅನ್ನೋದ್ರ ಮೇಲೆ.

ಕೆಳಗಿಂದ ಶುರು ಮಾಡ್ತೀನಿ. ಆರನೇದು ಜಾನ್ ಸ್ಕಾಲ್ಜಿ ಅವರ ‘ಸ್ಟಾರ್ಟರ್ ವಿಲನ್’. ಚಾರ್ಲಿ ಅಂತ ಒಬ್ಬ, ಡೈವೋರ್ಸ್ ಆಗಿದೆ, ಪತ್ರಕರ್ತನ ಕೆಲಸ ಹೋಗಿದೆ, ಬದಲಿ ಮೇಷ್ಟ್ರಾಗಿ ದಿನ ತಳ್ತಿದಾನೆ. ದೂರದ ಮಾವ ಸತ್ತು ಆಸ್ತಿ ಇವನ ಪಾಲಿಗೆ ಬರುತ್ತೆ, ಆಸ್ತಿ ಅಂದ್ರೆ ಜ್ವಾಲಾಮುಖಿ ದ್ವೀಪದಲ್ಲಿರೋ ಸೂಪರ್‌ವಿಲನ್ ಬಿಸಿನೆಸ್. ಮಾವನ ಅಂತ್ಯಕ್ರಿಯೆಗೆ ಬಂದೋರು ಅವನು ನಿಜವಾಗ್ಲೂ ಸತ್ತಿದಾನಾ ಅಂತ ಚೆಕ್ ಮಾಡೋಕೆ ಬಂದಿರ್ತಾರೆ, ಆ ಸೀನಲ್ಲಿ ನಾನು ಜೋರಾಗೇ ನಕ್ಕೆ. ಕೀಬೋರ್ಡಲ್ಲಿ ಟೈಪ್ ಮಾಡೋ ಬೆಕ್ಕುಗಳಿವೆ, ಯೂನಿಯನ್ ಕಟ್ಟಿ ಸ್ಟ್ರೈಕ್ ಕೂತಿರೋ, ಬಾಯಿ ಬಿಟ್ರೆ ಬೈಗುಳವೇ ಬರೋ ಡಾಲ್ಫಿನ್‌ಗಳಿವೆ. ಒಂದೇ ಸಂಜೆಗೆ ಓದಿ ಮುಗಿಸ್ಬಹುದು, ಮಾರನೇ ದಿನ ಡಾಲ್ಫಿನ್ ಬಿಟ್ರೆ ಏನೂ ತಲೇಲಿ ಉಳ್ಯಲ್ಲ. ಬೇಜಾರಿಲ್ಲ, ಆದ್ರೆ ವರ್ಷದ ಆರು ಒಳ್ಳೇ ಕಾದಂಬರೀಲಿ ಇದು ಯಾಕೆ ಅಂತ ಕೇಳಿದ್ರೆ ಸ್ಕಾಲ್ಜಿ ಅವರಿಗೆ ಅಭಿಮಾನಿಗಳು ಜಾಸ್ತಿ ಅನ್ನೋದಕ್ಕಿಂತ ಬೇರೆ ಉತ್ತರ ನನ್ನ ಹತ್ರ ಇಲ್ಲ.

ಐದನೇದು ಮಾರ್ಥಾ ವೆಲ್ಸ್ ಅವರ ‘ವಿಚ್ ಕಿಂಗ್’. ಇದಕ್ಕೆ ಲೋಕಸ್ ಫ್ಯಾಂಟಸಿ ಪ್ರಶಸ್ತಿ ಬಂದಿದೆ, ಹಾಗಾಗಿ ನನ್ನ ಮಾತು ಕೇಳಿ ಬಿಡ್ಬೇಡಿ. ಕಾಯ್ ಅನ್ನೋ ಡೀಮನ್ ಸತ್ತು, ನೀರಿನ ಮಧ್ಯದ ಗೋರಿ ಒಳಗೆ ಎಚ್ಚರ ಆಗ್ತಾನೆ, ತನ್ನನ್ನ ಯಾರು ಇಲ್ಲಿ ತಂದು ಹಾಕಿದ್ರು ಅಂತ ಗೊತ್ತಿಲ್ಲ, ಶುರು ಅಂದ್ರೆ ಹಿಂಗಿರ್ಬೇಕು. ಆಮೇಲೆ ಕಥೆ ಹಳೇ ಕಾಲ ಒಂದು ಅಧ್ಯಾಯ, ಈಗಿನ ಕಾಲ ಒಂದು ಅಧ್ಯಾಯ ಅಂತ ಹೋಗುತ್ತೆ, ಹಳೇ ಕಾಲದ ದಂಗೆ ಕಥೆ ಎಷ್ಟು ಚೆನ್ನಾಗಿದೆ ಅಂದ್ರೆ ಈಗಿನ ಕಾಲದ್ದು ಬಂದಾಗೆಲ್ಲ ಬಸ್ಸು ಸುಮ್ನೆ ನಿಂತಂಗಾಗುತ್ತೆ. ಪಾತ್ರಗಳ ಪಟ್ಟಿ ಮೊದಲೇ ಕೊಟ್ಟಿದಾರೆ, ಪದೇಪದೇ ಹಿಂದೆ ತಿರುಗಿಸಿ ನೋಡ್ಬೇಕಾಯ್ತು. ಇದೇ ಲೇಖಕಿಯ ಮರ್ಡರ್‌ಬಾಟ್ ಸರಣಿ ಇಷ್ಟ ಅಂತ ಇದನ್ನ ತಗೊಂಡ್ರೆ ಅದರ ವ್ಯಂಗ್ಯ ಇಲ್ಲಿ ಅಲ್ಲಲ್ಲಿ ಮಾತ್ರ ಸಿಗುತ್ತೆ.

ನಾಲ್ಕನೇದು ಆನ್ ಲೆಕಿ ಅವರ ‘ಟ್ರಾನ್ಸ್‌ಲೇಷನ್ ಸ್ಟೇಟ್’. 2014ರಲ್ಲಿ ಹ್ಯೂಗೋ, ನೆಬ್ಯುಲಾ, ಕ್ಲಾರ್ಕ್ ಮೂರೂ ಪ್ರಶಸ್ತಿ ಬಾಚಿಕೊಂಡ ‘ಆನ್ಸಿಲರಿ ಜಸ್ಟಿಸ್’ನ ಲೋಕವೇ ಇದು, ಆದ್ರೆ ಅದನ್ನ ಓದಿರ್ಲೇಬೇಕು ಅಂತೇನಿಲ್ಲ. ಈನೇ ಅನ್ನೋರು ಜೀವನ ಪೂರ್ತಿ ಮನೆಯ ಹಿರಿಯಜ್ಜಿ ಸೇವೆ ಮಾಡಿರ್ತಾರೆ, ಅಜ್ಜಿ ಸತ್ತ ಮೇಲೆ ನೋಡಿದ್ರೆ ಮನೆತನದ ಹೆಸರನ್ನೇ ಯಾರಿಗೋ ಮಾರಿಬಿಟ್ಟಿದಾರೆ. ಇವರನ್ನ ಸಾಗಹಾಕೋಕೆ ಒಂದು ಹೆಸರಿಗಷ್ಟೇ ಇರೋ ಕೆಲಸ ಕೊಡ್ತಾರೆ, 200 ವರ್ಷದ ಹಿಂದೆ ತಪ್ಪಿಸ್ಕೊಂಡ ಯಾರನ್ನೋ ಹುಡುಕೋದು. ಯಾರೂ ಹುಡುಕ್ಲಿ ಅಂತ ಕೊಟ್ಟಿದ್ದಲ್ಲ, ಊರೂರು ಸುತ್ಕೊಂಡು ಆರಾಮಾಗಿರ್ಲಿ ಅಂತ. ಈನೇ ಮಾತ್ರ ಸೀರಿಯಸ್ಸಾಗಿ ಹುಡುಕೋಕೆ ಶುರು ಮಾಡ್ತಾರೆ! ಸರ್ಕಾರಿ ಆಫೀಸಲ್ಲಿ ಕೆಲಸ ಮಾಡಿದೋರಿಗೆ ಈ ಭಾಗ ಬಹಳ ಹಿಡಿಸುತ್ತೆ. ಇನ್ನೊಂದು ಕಡೆ ಕ್ವೆನ್, ಪ್ರೆಸ್ಗರ್ ಅನ್ನೋ ಭಯಂಕರ ಜೀವಿಗಳಿಗೆ ದುಭಾಷಿ ಆಗೋಕೆ ಅಂತಾನೇ ಸಾಕಿದ ಮರಿ. ಆ ಮರಿಗಳ ಬಾಲ್ಯ ಓದ್ಬೇಕಾದ್ರೆ ಊಟದ ತಟ್ಟೆ ಪಕ್ಕಕ್ಕಿಡಿ, ಒಂದನ್ನೊಂದು ಬಿಚ್ಚಿ ನೋಡ್ತವೆ, ಅದೂ ಮಕ್ಕಳ ಆಟದಷ್ಟು ಸಹಜವಾಗಿ, ಲೆಕಿ ಅದನ್ನ ಕ್ವೆನ್ ಬಾಯಲ್ಲೇ ಎಷ್ಟು ಸೌಜನ್ಯದಿಂದ ಹೇಳಿಸ್ತಾರೆ ಅಂದ್ರೆ ಅಸಹ್ಯ ಪಡೋಕೂ ಒಂಥರಾ ನಾಚಿಕೆ ಆಗುತ್ತೆ. ಕೊನೇಲಿ ಯಾರು ಮನುಷ್ಯರು, ಯಾರಲ್ಲ ಅನ್ನೋದು ಕಮಿಟಿ ಮುಂದೆ ವಿಚಾರಣೆಗೆ ಬರುತ್ತೆ. ಆ ವಿಚಾರಣೆ ಇರೋ ತನಕ ಪುಸ್ತಕ ಗಟ್ಟಿ, ಓಡೋದು ಸಿಕ್ಕಿಹಾಕ್ಕೊಳ್ಳೋದು ಶುರು ಆದ್ಮೇಲೆ ಸ್ವಲ್ಪ ಸಡಿಲ.

ಮೂರನೇದು, ಮನಸ್ಸಿಗೆ ಹತ್ರ ಅಂತ ಲೆಕ್ಕ ಹಾಕಿದ್ರೆ ಮೊದಲನೇದೇ ಆಗ್ತಿತ್ತು, ಶಾನನ್ ಚಕ್ರಬೋರ್ತಿ ಅವರ ‘ದಿ ಅಡ್ವೆಂಚರ್ಸ್ ಆಫ್ ಅಮೀನಾ ಅಲ್-ಸಿರಾಫಿ’. ಹನ್ನೆರಡನೇ ಶತಮಾನದ ಹಿಂದೂ ಮಹಾಸಾಗರ, ಅಮೀನಾ ಒಂದು ಕಾಲದಲ್ಲಿ ಹೆಸರಾಂತ ಕಡಲ್ಗಳ್ಳಿ, ಈಗ ನಲವತ್ತು ದಾಟಿದೆ, ಮಂಡಿ ನೋವು, ಮಗಳು ಮರ್ಜಾನಾನ ನೋಡ್ಕೊಂಡು ತೆಪ್ಪಗಿದಾಳೆ. ಯೆಮನ್‌ನ ಬಂದರು ಏಡನ್‌ನ ಸಾಹುಕಾರ್ತಿ ಒಬ್ಬಳು ಮೊಮ್ಮಗಳನ್ನ ಹುಡುಕಿಕೊಡು ಅಂತ ಬಂದು ಕೂರ್ತಾಳೆ, ಕೊಡ್ತೀನಿ ಅನ್ನೋ ದುಡ್ಡು ಕೇಳಿದ್ರೆ ಯಾರಾದ್ರೂ ಹಡಗು ಹತ್ತೋ ಹಾಗಿದೆ, ಇಲ್ಲ ಅಂದ್ರೆ ಬೆದರಿಕೇನೂ ಇದೆ. ಸರಿ, ಹಳೇ ತಂಡ ಕೂಡ್ಸೋಕೆ ಹೊರಡ್ತಾಳೆ: ವಿಷದ ಕೆಲಸದ ದಲೀಲಾ, ನಕಾಶೆಯ ಮಾಜಿದ್, ಹಡಗಿನ ಟಿಂಬು. ಟಿಂಬು ಸಾಕಿರೋ ಬೆಕ್ಕಿನ ಹೆಸರು ಪಾಯಸಂ! ಇಲಿ ಹಿಡಿಯೋ ಯೋಗ್ಯತೆ ಅದಕ್ಕೆ ಎಳ್ಳಷ್ಟೂ ಇಲ್ಲ. ಅಮೀನಾಗೆ ಒಬ್ಬ ಗಂಡಾನೂ ಇದಾನೆ, ರಕ್ಷ್ ಅಂತ, ಅವನ ವಿಷಯ ನಾನು ಹೇಳಲ್ಲ, ನೀವೇ ಓದಿ.

ನಮಗೆ ಈ ಪುಸ್ತಕ ಬೇರೆ ಥರ ತಟ್ಟೋಕೆ ಕಾರಣ ಇದೆ. ಅದೇ ಹನ್ನೆರಡನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅನ್ನೋ ಯಹೂದಿ ವ್ಯಾಪಾರಿ ಏಡನ್ ದಾರೀಲಿ ಬಂದು ಮಂಗಳೂರಲ್ಲಿ ವರ್ಷಾನುಗಟ್ಟಲೆ ನೆಲೆಸಿದ್ದ, ಅವನಿಗೆ ಏಡನ್‌ನಿಂದ ಬಂದ ಕಾಗದಗಳು ಕೈರೋದ ಹಳೇ ಸಿನಗಾಗ್‌ನ ಉಗ್ರಾಣದಲ್ಲಿ ಸಿಕ್ಕಿವೆ, ಅವನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ಮಾಡ್ತಿದ್ದ ಆಳಿನ ಹೆಸರನ್ನ ಅಮಿತಾವ್ ಘೋಷ್ ‘ಬೊಮ್ಮ’ ಅಂತ ಓದ್ತಾರೆ, ನಮ್ಮ ತುಳುನಾಡಿನವನು. ಅಮೀನಾ ಕಥೇಲಿ ಬಂದರು, ಸುಂಕದವರು, ಮಸಾಲೆ, ಕುದುರೆ ವ್ಯಾಪಾರ ಬಂದಾಗೆಲ್ಲ ಅಲ್ಲೇ ಎಲ್ಲೋ ಗುಂಪಲ್ಲಿ ಬೊಮ್ಮ ಚೌಕಾಸಿ ಮಾಡ್ತಾ ನಿಂತಿರ್ಬಹುದು ಅನ್ಸುತ್ತೆ. ಹಾಗಿದ್ರೆ ಮೂರನೇ ಸ್ಥಾನ ಯಾಕೆ? ಮಾಯಾಜಾಲ ಜೋರಾದಾಗ, ಅಂದ್ರೆ ಕೊನೇ ಮೂರನೇ ಒಂದು ಭಾಗದಲ್ಲಿ, ಸಮುದ್ರ ಹಿಂದಕ್ಕೆ ಸರಿದು ಒಂದರ ಹಿಂದೆ ಒಂದು ಅದ್ಭುತ ಬರ್ತಾ ಹೋಗುತ್ತೆ, ಆಗ ಅಮೀನಾನ ಮಂಡಿ ನೋವು ಅಮೀನಾಗೂ ಮರ್ತುಹೋಗುತ್ತೆ. ನಂಗೆ ಆ ಮಂಡಿ ನೋವಿನ ಅಮೀನಾನೇ ಬೇಕಿದ್ದಿದ್ದು.

ಈಗ ‘ಸಮ್ ಡೆಸ್ಪರೇಟ್ ಗ್ಲೋರಿ’. ಭೂಮಿ ನಾಶ ಆಗಿದೆ, 1400 ಕೋಟಿ ಜನ ಸತ್ತಿದಾರೆ, ಸೋಲು ಒಪ್ಪದ ಒಂದಷ್ಟು ಮನುಷ್ಯರು ಗಾಯಾ ಅನ್ನೋ ಸ್ಟೇಷನ್ ಕಟ್ಕೊಂಡು ಸೇಡಿಗೆ ಮಕ್ಕಳನ್ನ ತಯಾರು ಮಾಡ್ತಿದಾರೆ. ಕೀರ್‌ಗೆ ಹದಿನೇಳು, ಅವಳ ಬ್ಯಾಚಲ್ಲೇ ಎಲ್ಲರಿಗಿಂತ ಗಟ್ಟಿ, ಎಲ್ಲರಿಗಿಂತ ನಿಷ್ಠೆ, ಎಲ್ಲರಿಗಿಂತ ಅಸಹ್ಯ. ನಿಜವಾಗ್ಲೂ, ಮೊದಲ ನೂರು ಪುಟ ಈ ಹುಡುಗೀನ ಸಹಿಸ್ಕೊಳ್ಳೋದೇ ಕಷ್ಟ, ಜೊತೆ ಹುಡುಗೀರು ಇವಳನ್ನ ಕಂಡ್ರೆ ಹೆದರ್ತಾರೆ, ಇವಳು ಅದನ್ನ ಗೌರವ ಅಂದ್ಕೊಂಡಿದಾಳೆ. ಆಮೇಲೆ ಯಾರ್ಯಾರಿಗೆ ಯಾವ ಕೆಲಸ ಅಂತ ಆರ್ಡರ್ ಬರುತ್ತೆ. ಯುದ್ಧದ ದಳ ಸಿಗುತ್ತೆ ಅಂತ ಕಾಯ್ತಿದ್ದ ಕೀರ್‌ಗೆ ನರ್ಸರಿ, ಅಂದ್ರೆ ಗಂಡುಮಕ್ಕಳನ್ನ ಹೆರೋ ಕೆಲಸ. ಅಣ್ಣತಮ್ಮ ಅಂತ ಇರೋ ಒಬ್ಬ ಮ್ಯಾಗ್ಸ್‌ಗೆ ವಾಪಸ್ ಬರೋ ಹಾಗಿಲ್ಲದ ಮಿಷನ್. ಆ ಆರ್ಡರ್ ಓದ್ಕೊಂಡಾಗ್ಲೂ ಅವಳಿಗೆ ಮೊದಲು ಬರೋ ಯೋಚನೆ, ಎಲ್ಲೋ ಏನೋ ತಪ್ಪಾಗಿದೆ, ಕಮಾಂಡರ್ ಮಾವ ಸರಿ ಮಾಡ್ತಾರೆ ಅಂತ. ಇದನ್ನ ಟೆಶ್ ಬಹಳ ಚೆನ್ನಾಗಿ ಹಿಡಿದಿದಾರೆ, ಸುಳ್ಳು ಅಂತ ಗೊತ್ತಾದ ತಕ್ಷಣ ಯಾರೂ ಬದಲಾಗಲ್ಲ, ಒಂದೊಂದೇ ಸುಳ್ಳನ್ನ ಬಿಟ್ಟುಕೊಡ್ತಾ ಉಳಿದಿದ್ದನ್ನ ಇನ್ನೂ ಗಟ್ಟಿಯಾಗಿ ಹಿಡ್ಕೋತಾರೆ. ನಡುನಡುವೆ ಬೇರೆ ಜೀವಿಗಳು ಮನುಷ್ಯರ ಬಗ್ಗೆ ಬರ್ಕೊಂಡ ಟಿಪ್ಪಣಿ ಬರುತ್ತೆ, ಎಷ್ಟು ದೊಡ್ಡ ಗಾತ್ರ, ಎಷ್ಟು ಸಿಟ್ಟಿನ ಪ್ರಾಣಿ ಅಂತ, ಅದೂ ಮಜಾ.

ಅರ್ಧಕ್ಕೆ ಬಂದಾಗ ಕಥೆ ಒಂದು ಮಾಡುತ್ತೆ, ಏನು ಅಂತ ಹೇಳಿದ್ರೆ ನೀವು ನನ್ನನ್ನ ಬೈತೀರ. ವಾಸ್ತವಾನೇ ತಿರುಗಿಸಬಲ್ಲ ‘ವಿಸ್ಡಮ್’ ಅನ್ನೋ ಯಂತ್ರ ಇದೆ ಅಂತಷ್ಟೇ ತಿಳ್ಕೊಳ್ಳಿ. ನನ್ನ ಗೊಣಗಾಟ ಅದ್ರ ಮೇಲೇ. ಕೀರ್ ತಾನೇ ನಡೆದು ಬದಲಾಗ್ಬೇಕಿದ್ದ ದಾರೀಲಿ ಆ ಯಂತ್ರ ಅವಳನ್ನ ಸ್ವಲ್ಪ ಎತ್ಕೊಂಡು ಹೋಗಿ ಇಳಿಸುತ್ತೆ. ಮಾಡಿದ ಪಾಪಕ್ಕೆ ಇನ್ನೊಂದು ಚಾನ್ಸ್ ಸಿಗುತ್ತೆ. ಓದೋವಾಗ ಖುಷಿ ಆಗುತ್ತೆ, ಅನುಮಾನ ಹುಟ್ಟೋದು ಪುಸ್ತಕ ಮುಚ್ಚಿದ ಮೇಲೆ.

ವಜ್ರ ಚಂದ್ರಶೇಖರ ಅವರ ‘ದಿ ಸೇಂಟ್ ಆಫ್ ಬ್ರೈಟ್ ಡೋರ್ಸ್’ನಲ್ಲಿ ಅಂಥ ಚಾನ್ಸ್ ಯಾರಿಗೂ ಇಲ್ಲ. ಇದೇ ನನ್ನ ನಂಬರ್ ಒನ್. ಲೇಖಕರು ಕೊಲಂಬೋದವರು, ಇದು ಮೊದಲನೇ ಕಾದಂಬರಿ, ಆ ವರ್ಷದ ನೆಬ್ಯುಲಾ ಇದಕ್ಕೇ ಬಂತು. ಫೆಟರ್ ಹುಟ್ಟಿದ ತಕ್ಷಣ ಅವನ ತಾಯಿ ದೊಡ್ಡ ಹಿತ್ತಾಳೆ ಮೊಳೆ ಹೊಡೆದು ಅವನ ನೆರಳನ್ನ ನೆಲಕ್ಕೆ ಸಿಕ್ಕಿಸಿ ಕಿತ್ತುಹಾಕ್ತಾಳೆ. ನೆರಳಿಲ್ಲದ ಹುಡುಗ, ಹುಷಾರು ತಪ್ಪಿದ್ರೆ ನೆಲ ಬಿಟ್ಟು ತೇಲ್ತಾನೆ. ಅವಳು ಅವನನ್ನ ಬೆಳೆಸೋದು ಒಂದೇ ಕೆಲಸಕ್ಕೆ, ಅವನಪ್ಪನನ್ನ ಕೊಲ್ಲೋಕೆ. ಅಪ್ಪ ಅಂದ್ರೆ ಲಕ್ಷಾಂತರ ಜನ ಪೂಜಿಸೋ, ಹೆಂಡ್ತಿ ಮಗೂನ ಬಿಟ್ಟು ಹೋದ ಮಹಾಪುರುಷ, ಪರಿಪೂರ್ಣ ಕರುಣಾಳು ಅಂತಾನೇ ಅವನ ಬಿರುದು.

ಯಾರ ಕಥೆ ಅಂತ ನಮಗೆ ಎರಡೇ ಪುಟದಲ್ಲಿ ಗೊತ್ತಾಗಿಬಿಡುತ್ತೆ. ಸಿದ್ಧಾರ್ಥ ನಡುರಾತ್ರಿ ಎದ್ದು ಹೋಗಿದ್ದು ಸ್ಕೂಲ್ ಪಾಠದಿಂದ ಕೇಳ್ಕೊಂಡು ಬಂದಿದೀವಿ, ಯಶೋಧರೆ ಬಗ್ಗೆ ಮಾಸ್ತಿ ನಾಟಕಾನೇ ಬರೆದ್ರು, ಆದ್ರೆ ಪಕ್ಕದಲ್ಲಿ ಮಲಗಿದ್ದ ರಾಹುಲ ನಮ್ಮ ಕಥೆಗಳಲ್ಲಿ ಬಹುಪಾಲು ಮಲಗೇ ಇರ್ತಾನೆ. ಇಲ್ಲಿ ಅವನು ದೊಡ್ಡವನಾಗಿ, ಮನೆ ಬಿಟ್ಟು, ಲೂರಿಯಟ್ ಅನ್ನೋ ಮಹಾನಗರಕ್ಕೆ ಬಂದು, ಬಾಯ್‌ಫ್ರೆಂಡ್ ಮಾಡ್ಕೊಂಡು, ದೇವರು ಆರಿಸಿ ಕೈಬಿಟ್ಟವರ ಒಂದು ಸಪೋರ್ಟ್ ಗ್ರೂಪಿಗೆ ಸೇರ್ಕೋತಾನೆ. ಹೌದು, ಆ ಥರ ಗ್ರೂಪ್, ಕುರ್ಚಿ ಹಾಕ್ಕೊಂಡು ಸುತ್ತ ಕೂತು ಅವರವರ ಕಷ್ಟ ಹೇಳ್ಕೊಳ್ಳೋದು. ಆ ಊರಲ್ಲಿ ಬಾಗಿಲನ್ನ ತುಂಬಾ ದಿನ ಮುಚ್ಚಿಟ್ರೆ ಅದು ಯಾವತ್ತೂ ತೆರೆಯದ ಬಾಗಿಲಾಗಿಬಿಡುತ್ತೆ, ಅದರ ಆಚೆ ಪಕ್ಕ ಅನ್ನೋದೇ ಇರಲ್ಲ. ಅದೇ ಊರಲ್ಲಿ ಮೊಬೈಲೂ ಇದೆ, ಜಾತಿ ಜನಾಂಗದ ತಲೆಕೆಡ್ಸೋ ವಿಂಗಡಣೆ ಇದೆ, ಸಾಂಕ್ರಾಮಿಕ ರೋಗ ಇದೆ, ಗಲಭೆ ಇದೆ, ಜನರನ್ನ ಕೂಡಿಹಾಕೋ ಕ್ಯಾಂಪುಗಳಿವೆ. ಗಲಭೆ ಇಲ್ಲಿ ಮಳೆಗಾಲದ ಥರ ಬಂದು ಹೋಗುತ್ತೆ, ಜನ ಅಂಗಡಿ ಬಾಗಿಲು ಹಾಕಿ ಮತ್ತೆ ತೆಗೀತಾರೆ. ಶ್ರೀಲಂಕಾದ ಇತಿಹಾಸ ಸ್ವಲ್ಪ ಗೊತ್ತಿದ್ದೋರಿಗೆ ಇದು ಬರೀ ಫ್ಯಾಂಟಸಿ ಅಂತ ಓದೋಕೆ ಆಗಲ್ಲ. ಶ್ರೀಲಂಕಾದ ಹಳೇ ಬೌದ್ಧ ಇತಿಹಾಸಗ್ರಂಥ ಮಹಾವಂಶದಲ್ಲಿ ಬುದ್ಧ ಲಂಕೆಗೆ ಬಂದು ಅಲ್ಲಿದ್ದ ಯಕ್ಷರನ್ನ ಓಡಿಸ್ತಾನೆ, ಓಡಿಸಲ್ಪಟ್ಟವರ ಕಡೆಯಿಂದ ಆ ಕಥೆ ಹೇಳಿದ್ರೆ ಹೇಗಿರುತ್ತೆ ಅನ್ನೋದು ಫೆಟರ್‌ನ ತಾಯಿ ಬಾಯಲ್ಲಿ ಬರುತ್ತೆ, ಪುಸ್ತಕದಲ್ಲಿ ನಂಗೆ ಎಲ್ಲಕ್ಕಿಂತ ಇಷ್ಟ ಆದ ಭಾಗ ಅದು.

ಕೀರ್‌ಗೂ ಫೆಟರ್‌ಗೂ ಇರೋ ವ್ಯತ್ಯಾಸ ನೋಡಿ. ಕೀರ್ ತನ್ನನ್ನ ಬೆಳೆಸಿದವರ ಸುಳ್ಳು ಗೊತ್ತಾದ್ಮೇಲೆ ಏನ್ ಮಾಡ್ಬೇಕು ಅಂತ ಪುಸ್ತಕ ಅವಳಿಗೆ ತೋರಿಸಿಕೊಡುತ್ತೆ. ಫೆಟರ್‌ಗೆ ಮೊದಲೇ ಎಲ್ಲ ಗೊತ್ತು, ಅಮ್ಮನ ಕೆಲಸ ಬೇಡ ಅಂತ ಬಿಟ್ಟೂ ಆಗಿದೆ, ಆದ್ರೂ ಕೈಗೆ ಬಂದಿರೋ ವಿದ್ಯೆ ಕೊಲೆ ಒಂದೇ. ಏನೂ ತೋಚದೆ ಅಲೀತಾನೆ. ಆ ಅಲೆದಾಟಾನೇ ಬಹಳ ಜನಕ್ಕೆ ಬೋರ್ ಹೊಡೆಸಿರೋದು, ಕ್ಯಾಂಪುಗಳ ಭಾಗ ಉದ್ದ ಆಯ್ತು ಅಂತ ನಂಗೂ ಅನ್ಸಿದೆ, ಕಥೆ ಹೇಳ್ತಿರೋದು ಯಾರು ಅನ್ನೋದನ್ನ ಕೊನೆ ಹತ್ರ ಬಿಚ್ಚಿದಾಗ ಒಬ್ಬ ಫ್ರೆಂಡು ಪುಸ್ತಕ ಸೋಫಾ ಮೇಲೆ ಎಸೆದಳಂತೆ. ನಾನು ಹಿಂದಕ್ಕೆ ಹೋಗಿ ಮೊದಲನೇ ಅಧ್ಯಾಯ ಮತ್ತೆ ಓದ್ದೆ, ಆ ಹಿತ್ತಾಳೆ ಮೊಳೆ ಅಷ್ಟು ದೊಡ್ಡದಾಗಿ ಯಾಕಿತ್ತು ಅಂತ ಆಗ ಗೊತ್ತಾಯ್ತು.

ಓದೋಕೆ ಶುರು ಮಾಡೋರಿಗೆ ಈ ಕ್ರಮ ಬೇಡ ಅಂತೀನಿ, ಅಮೀನಾ ಮೊದಲು ತಗೊಳ್ಳಿ, ಆಮೇಲೆ ಟೆಶ್. ‘ಬ್ರೈಟ್ ಡೋರ್ಸ್’ ಒಂದು ವಾರ ಬಿಡುವಿದ್ದಾಗ. ಚಂದ್ರಶೇಖರ ಅವರ ಎರಡನೇ ಕಾದಂಬರಿ ‘ರೇಕ್ಸ್‌ಫಾಲ್’ 2024ರಲ್ಲೇ ಬಂದಿದೆ, ಅದನ್ನ ಈಗ ಓದ್ತಿದೀನಿ, ಇನ್ನೂ ಒಂದು ಅಕ್ಷರ ತಲೆಗೆ ಹೋಗಿಲ್ಲ, ಬಿಡೋಕೂ ಆಗ್ತಿಲ್ಲ.