ತಂಜೋಬಿಯ 'ಜೋ'

ಮೊನ್ನೆ ಬುಧವಾರ ಸಂಜೆಯ ಜಪಾನಿ ತರಗತಿಯಲ್ಲಿ ಹುಡುಗಿಯೊಬ್ಬಳು ಹುಟ್ಟುಹಬ್ಬದ ಪದವನ್ನು 'ತಾನ್‌ಸೇಬಿ' ಎಂದು ಓದಿದಳು. ಆಗಬೇಕಿದ್ದದ್ದು 'ತಂಜೋಬಿ'. ಪಕ್ಕದವನು ಕಿಸಕ್ಕೆಂದ. ಅವಳು ತಲೆ ತಗ್ಗಿಸಲಿಲ್ಲ, ಪಾಠ ಹೇಳುತ್ತಿದ್ದ ನನ್ನನ್ನೇ ಕೇಳಿದಳು.

"ಸೆನ್ಸೇ, ನಿಮ್ಮನ್ನ ಕರೆಯೋ ಪದದಲ್ಲೂ ಇದೇ ಅಕ್ಷರ ಅಲ್ವಾ? ಅಲ್ಲಿ 'ಸೇ', ಇಲ್ಲಿ ಯಾಕೆ 'ಜೋ'?"

ನಕ್ಕವನಿಗೂ ಉತ್ತರ ಗೊತ್ತಿರಲಿಲ್ಲ. ಅವನು ಪಟ್ಟಿ ಉರು ಹೊಡೆದಿದ್ದ, ಇವಳು ಅಕ್ಷರ ನೋಡಿ ಓದಿದ್ದಳು.

ಹುಟ್ಟು, ಬದುಕು ಎಂಬ ಅರ್ಥದ ಐದು ಗೆರೆಯ ಕಾಂಜಿ, ಅಂದರೆ ಚೀನಾದಿಂದ ಬಂದ ಅಕ್ಷರ, ಅದು: 生. ಜಪಾನಿನ ಮಕ್ಕಳು 1ನೇ ತರಗತಿಯಲ್ಲೇ ಕಲಿಯುತ್ತಾರೆ. ಶುರುವಿನ ಪಾಠಗಳಲ್ಲಿ ಸಿಗುವುದು ಹೆಚ್ಚಾಗಿ 'ಸೇ': ಗಕುಸೇ (ವಿದ್ಯಾರ್ಥಿ), ಸೇಕತ್ಸು (ದಿನನಿತ್ಯದ ಬದುಕು), ಜಿನ್ಸೇ (ಬಾಳು). ಸೆನ್ಸೇ ಎಂದರೆ ಅಕ್ಷರಶಃ 'ಮೊದಲು ಹುಟ್ಟಿದವರು'. ಇಷ್ಟು ಕಂಡವಳು ತಾನ್‌ಸೇಬಿ ಅಂದರೆ ಅದು ಅಜಾಗರೂಕತೆಯಲ್ಲ.

ಚೀನಾದ ಒಂದೇ ಪದ ಜಪಾನಿಗೆ ಎರಡು ಸಲ ಬಂದಿದೆ. ಸುಮಾರು 5–6ನೇ ಶತಮಾನದಲ್ಲಿ ಬಂದ ಉಚ್ಚಾರ 'ಶೋ'. 7–9ನೇ ಶತಮಾನಗಳಲ್ಲಿ ಚೀನಾದ ತಾಂಗ್ ರಾಜವಂಶದ ರಾಜಧಾನಿ ಚಾಂಗಾನ್‌ನಿಂದ ಬಂದದ್ದು 'ಸೇ'. ಬೌದ್ಧರ ಬಾಯಲ್ಲಿ ಹಳೆಯದೇ ಉಳಿಯಿತು: ಹುಟ್ಟು, ಮುಪ್ಪು, ಬೇನೆ, ಸಾವು ನಾಲ್ಕೂ ಸೇರಿ 'ಶೋ-ರೋ-ಬ್ಯೋ-ಶಿ'. ಜೀವಮಾನ ಎನ್ನುವ 'ಇಶ್ಶೋ' ಕೂಡ ಅದೇ ಸಾಲಿನದು. ನಮ್ಮ ವರ್ಣ, ಬಣ್ಣ ಎರಡೂ ಒಂದೇ ಬೇರಿನವು, ಆದರೂ ವರ್ಣಮಾಲೆಯನ್ನು ಯಾರೂ ಬಣ್ಣಮಾಲೆ ಅನ್ನುವುದಿಲ್ಲವಲ್ಲ. ಇನ್ನು 'ಶೋ' 'ಜೋ' ಆದದ್ದು ಮಳೆ, ಕಾಲ ಸೇರಿ ಮಳೆಗಾಲ ಆದ ಹಾಗೆ.

ಅವಳು ಒಪ್ಪಿದಳು. ಮರುಕ್ಷಣವೇ, "ಹಾಗಾದ್ರೆ ಅರ್ಜಿಯಲ್ಲಿ ಜನ್ಮದಿನಾಂಕಕ್ಕೆ 'ಸೇನೆನ್‌ಗಪ್ಪಿ' ಅಂತಾರಲ್ಲ, ಅಲ್ಲೂ ಹುಟ್ಟೇ ತಾನೇ?"

ಹೌದು. ಅರ್ಥ ಹಿಡಿದು ಹೊರಟರೆ ಇಲ್ಲಿ ದಾರಿ ತಪ್ಪುತ್ತದೆ. ಒಂದು ಅಕ್ಷರಕ್ಕೆ ಹತ್ತು ಉಚ್ಚಾರ ಬರೆದು ಬಾಯಿಪಾಠ ಮಾಡಿಸುವ ಪದ್ಧತಿ ನನಗಂತೂ ಒಗ್ಗುವುದಿಲ್ಲ. ಚೀಟಿಯ ಮುಂದೆ ಇಡೀ ಪದ, ಹಿಂದೆ ಉಚ್ಚಾರವನ್ನಷ್ಟೇ ಹೇಳುವ ಹಿರಾಗಾನ ಲಿಪಿಯಲ್ಲಿ ಓದು, ಕೆಳಗೆ ಅದೇ ಉಚ್ಚಾರದ ಇನ್ನೆರಡು ಪದ. ದಿನಕ್ಕೆ ಐದು ಚೀಟಿ ಸಾಕು. ಜೊತೆಗೆ ಟೈಪ್ ಮಾಡಬೇಕು, ಯಾಕೆಂದರೆ ದೀರ್ಘದ ತಪ್ಪು ಕಿವಿಗೆ ಸಿಗುವುದಿಲ್ಲ. ಸೆನ್ಸೇ ಎಂದು ಕೇಳಿಸಿದರೂ ಇಂಗ್ಲಿಷ್ ಕೀಲಿಮಣೆಯಲ್ಲಿ ಕೊನೆಗೆ 'e, i' ಒತ್ತಬೇಕು, 'e, e' ಅಲ್ಲ. ತಂಜೋಬಿಯ ನಡುವೆ 'j, o, u'.

ಅವಳ ಮೊದಲ ಚೀಟಿಯಲ್ಲಿ ತಂಜೋಬಿ ಇತ್ತು, ಎರಡನೆಯದರಲ್ಲಿ ಸೇನೆನ್‌ಗಪ್ಪಿ. ಎರಡನ್ನೂ ಒಂದೇ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಕೊಂಡಳು.